ಉಳ್ಳಾಗಡ್ಡಿಯ ವರ್ಣತಂತುಗಳಿಗೆ ಗುರುತು ಹಚ್ಚುವುದು: ಬೇರಿನ ತುದಿಯಿಂದ ಫಿಶ್ ಚಿತ್ರದವರೆಗೆ

ಉಳ್ಳಾಗಡ್ಡಿ ಬೇರಿನ ತುದಿಯನ್ನು ಸ್ಲೈಡ್ ಮೇಲೆ ಹಿಚುಕದೆ ಜೀವಶಾಸ್ತ್ರದ ಪದವಿ ಮುಗಿಸಿದವರು ವಿಜಯಪುರ, ಬಾಗಲಕೋಟೆ ಕಡೆ ಸಿಗುವುದು ಕಷ್ಟ. ಹದಿನಾರು ವರ್ಣತಂತು ಎಣಿಸುವುದು ದೊಡ್ಡ ಮಾತಲ್ಲ. ಅದರಲ್ಲಿ ಏಳನೆಯದು ಯಾವುದು, ಮೂರನೆಯದು ಯಾವುದು ಎಂದು ಕೇಳಿದಾಗ ಮಾತು ನಿಲ್ಲುತ್ತದೆ. ಎಲ್ಲವೂ ದೊಡ್ಡವು, ಹೆಚ್ಚಿನವುಗಳ ಸೆಂಟ್ರೊಮಿಯರ್ (ಎರಡು ತೋಳುಗಳು ಸೇರುವ ಗಂಟು) ನಡುವಿಗೆ ಹತ್ತಿರ, ಉದ್ದದಲ್ಲೂ ಒಂದಕ್ಕೊಂದಕ್ಕೆ ಕೂದಲೆಳೆಯ ವ್ಯತ್ಯಾಸ. ಕಾರ್ಮಿನ್ ಬಣ್ಣ ಹಾಕಿದರೆ ಎಲ್ಲವೂ ಒಂದೇ ಕೆಂಪು.

ಇಲ್ಲಿ ನೆರವಿಗೆ ಬರುವುದು ಪುನರಾವರ್ತಿತ ಡಿಎನ್ಎ. ಉಳ್ಳಾಗಡ್ಡಿಯ ಜೀನೋಮ್ ಸುಮಾರು 1,600 ಕೋಟಿ ಬೇಸ್ ಜೋಡಿಯಷ್ಟು ದೊಡ್ಡದು, ಮನುಷ್ಯನದಕ್ಕಿಂತ ಐದು ಪಟ್ಟು. 2021ರಲ್ಲಿ ಪ್ರಕಟವಾದ ಮೊದಲ ಜೀನೋಮ್ ಜೋಡಣೆಯಲ್ಲಿ ಶೇ. 72.4ರಷ್ಟು ಭಾಗ ಪುನರಾವರ್ತಿತ ಸರಣಿಗಳೆಂದೇ ಗುರುತಿಸಲಾಯಿತು. ಅವುಗಳಲ್ಲಿ ಬಹುಪಾಲು ಎಲ್ಲ ವರ್ಣತಂತುಗಳ ಮೇಲೆ ಹರಡಿಕೊಂಡಿರುವ ಜಿಗಿಯುವ ತುಣುಕುಗಳು. ಗುರುತಿಗೆ ಅವು ಬಾರವು. ಒಂದೇ ಜಾಗದಲ್ಲಿ ಸಾಲಾಗಿ, ಒಂದರ ಬೆನ್ನಿಗೆ ಒಂದು ಸಾವಿರಾರು ಸಲ ಕೂತಿರುವ ಸರಣಿಗಳು ಮಾತ್ರ ನಮಗೆ ಬೇಕು. ಅವಕ್ಕೆ ಹೊಂದುವ, ಹೊಳೆಯುವ ಡಿಎನ್ಎ ತುಣುಕು, ಅಂದರೆ ಪ್ರೋಬ್, ಅಂಟಿಸಿದರೆ ವರ್ಣತಂತುವಿನ ಆ ಜಾಗದಲ್ಲಿ ಚುಕ್ಕೆ ಮೂಡುತ್ತದೆ. ಈ ವಿಧಾನಕ್ಕೇ ಫಿಶ್ (ಫ್ಲೋರೆಸೆನ್ಸ್ ಇನ್ ಸಿಟು ಹೈಬ್ರಿಡೈಸೇಶನ್) ಎನ್ನುವುದು. ಒಂದೇ ಪ್ರತಿಯಿರುವ ಜೀನನ್ನು ಉಳ್ಳಾಗಡ್ಡಿಯ ದಪ್ಪ ವರ್ಣತಂತುವಿನ ಮೇಲೆ ಕಾಣಿಸುವುದು ಪಳಗಿದ ಪ್ರಯೋಗಾಲಯಗಳಿಗೂ ತ್ರಾಸಿನ ಕೆಲಸ. ಪುನರಾವರ್ತಿತ ಸರಣಿಯಾದರೆ ಹೊಸಬರಿಗೂ ಮೊದಲ ತಿಂಗಳಲ್ಲೇ ಸಿಕ್ಕೀತು, ಸ್ಲೈಡ್ ಒಳ್ಳೆಯದಿದ್ದರೆ.

ಆ ಕೊನೆಯ ಷರತ್ತೇ ಎಲ್ಲಕ್ಕಿಂತ ಮುಖ್ಯ. ಪ್ರೋಬ್, ಆ್ಯಂಟಿಬಾಡಿ, ಕ್ಯಾಮೆರಾಗಳಿಗೆ ಲಕ್ಷಗಟ್ಟಲೆ ಸುರಿದು, ಬೇರಿನ ತುದಿಗೆ ಅರ್ಧ ತಾಸು ಕೊಡದವರ ಕೆಲಸ ಕೆಡುತ್ತದೆ. ಹಾಗಾಗಿ ಈ ಬರಹದಲ್ಲಿಯೂ ಬೇರಿಗೆ ಮತ್ತು ಸ್ಲೈಡಿಗೆ ಹೆಚ್ಚು ಜಾಗ.

ಯಾವ ಸರಣಿ ಏನು ಹೇಳುತ್ತದೆ

5ಎಸ್ ಆರ್‌ಡಿಎನ್ಎ: ರೈಬೋಸೋಮಿನ ಆರ್‌ಎನ್‌ಎ ತಯಾರಿಸುವ ಜೀನ್‌ಗಳ ಒಂದು ಬಗೆ. ಉಳ್ಳಾಗಡ್ಡಿಯಲ್ಲಿ ಇದು 7ನೇ ಜೋಡಿಯ ಗಿಡ್ಡ ತೋಳಿನ ಮೇಲೆ ಎರಡು ಜಾಗಗಳಲ್ಲಿದೆ. ಚೆನ್ನಾಗಿ ಹರಡಿದ, ಉದ್ದಕ್ಕೆ ಉಳಿದ ವರ್ಣತಂತುವಿನಲ್ಲಿ ಎರಡೂ ಬೇರೆ ಬೇರೆ ಕಾಣುತ್ತವೆ. ಹೆಚ್ಚು ಕುಗ್ಗಿದ್ದರೆ ಕೂಡಿಕೊಂಡು ಒಂದೇ ಉದ್ದನೆಯ ಮಚ್ಚೆಯಾಗುತ್ತವೆ. ಮೊದಲ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಕಂಡರೆ 7ನೆಯದು, ಕಾಣದಿದ್ದರೆ ಪ್ರಯೋಗದಲ್ಲಿ ತಪ್ಪಾಗಿದೆ, ನಡುವೆ ಗೊಂದಲವಿಲ್ಲ.

45ಎಸ್ ಆರ್‌ಡಿಎನ್ಎ: ಅಂಥದೇ ಜೀನ್‌ಗಳ ಇನ್ನೊಂದು ಬಗೆ, ಕೋಶಕೇಂದ್ರದೊಳಗಿನ ಕಿರುಕೇಂದ್ರ ಕಟ್ಟುವ ಜಾಗ, ಅಂದರೆ ಎನ್‌ಒಆರ್. 6ನೇ ಮತ್ತು 8ನೇ ಜೋಡಿಗಳ ಗಿಡ್ಡ ತೋಳಿನ ತುದಿಯ ಕಡೆ ಸಿಗುತ್ತದೆ. 6ನೆಯದು ಗಿಡ್ಡ ತೋಳು ತೀರ ಗಿಡ್ಡದಾದ, ತುದಿಗೆ ಸಣ್ಣ ಗುಂಡು ಜೋತುಬಿದ್ದ ವರ್ಣತಂತು. ಅದನ್ನು ಬಣ್ಣವಿಲ್ಲದೆಯೂ ಗುರುತಿಸಬಹುದು. ಚುಕ್ಕೆಯ ಗಾತ್ರ ಗಿಡದಿಂದ ಗಿಡಕ್ಕೆ, ಒಂದೇ ಗಿಡದ ಜೋಡಿಯಲ್ಲೂ ಹೆಚ್ಚುಕಡಿಮೆ ಇರುತ್ತದೆ. ಈ ಗಣದಲ್ಲಿ ಎನ್‌ಒಆರ್ ಜಾಗ ಬದಲಿಸುತ್ತದೆ ಎಂದು ಶೂಬರ್ಟ್ ಮತ್ತು ವೋಬುಸ್ 1985ರಲ್ಲೇ ಫಿಶ್‌ನ ಪೂರ್ವಜ ವಿಧಾನದಿಂದ ತೋರಿಸಿದ್ದರು. ಹೀಗಾಗಿ ನಿರೀಕ್ಷೆಗಿಂತ ಒಂದು ಚುಕ್ಕೆ ಹೆಚ್ಚು ಕಂಡ ಕೂಡಲೇ ಸ್ಲೈಡ್ ಕೆಟ್ಟಿತೆಂದು ಎಸೆಯಬೇಡಿ. ಅದೇ ಗಿಡದ ಇನ್ನೊಂದು ಬೇರು ನೋಡಿ.

375 ಬೇಸ್ ಜೋಡಿಯ ಸ್ಯಾಟಲೈಟ್ ಸರಣಿ: 1985ರಿಂದ ಗೊತ್ತಿರುವ, 375 ಅಕ್ಷರದ ತುಣುಕು ಸಾಲಾಗಿ ಮರುಕಳಿಸುವ, ಬಹುತೇಕ ಎಲ್ಲ ತೋಳುಗಳ ತುದಿಗೆ ಟೊಪ್ಪಿಗೆಯಂತೆ ಕೂರುವ ಸರಣಿ. ಯಾವ ವರ್ಣತಂತು ಎಂದು ಇದು ಹೇಳುವುದಿಲ್ಲ. ಆದರೆ ಚುಕ್ಕೆ ದೊಡ್ಡದಾಗಿ, ಹೊಳಪಾಗಿ ಬರುವುದರಿಂದ ಇಡೀ ಪ್ರಯೋಗ ನಡೆಯಿತೋ ಇಲ್ಲವೋ ತಿಳಿಯಲು ಸಾಕ್ಷಿಯಾಗಿ ಅತ್ಯುತ್ತಮ. ತುದಿ ಎಲ್ಲಿ ಮುಗಿಯಿತು ಎಂಬುದೂ ಸ್ಪಷ್ಟವಾಗುವುದರಿಂದ ಒಂದರ ಮೇಲೊಂದು ಬಿದ್ದ ವರ್ಣತಂತುಗಳನ್ನು ಬಿಡಿಸಿ ಎಣಿಸಬಹುದು.

ಟೆಲೊಮಿಯರ್, ಅಂದರೆ ವರ್ಣತಂತುವಿನ ಕಟ್ಟಕಡೆಯ ತುದಿಯ ವಿಷಯದಲ್ಲಿ ಒಂದು ಹಳ್ಳವಿದೆ, ಬೀಳುವವರು ಬಹಳ. ಬೇರೆ ಹೆಚ್ಚಿನ ಸಸ್ಯಗಳಲ್ಲಿರುವ ಏಳಕ್ಷರದ ಟಿಟಿಟಿಎಜಿಜಿಜಿ ಸರಣಿಯ ಪ್ರೋಬನ್ನು ಸಾಕ್ಷಿಗೆಂದು ಉಳ್ಳಾಗಡ್ಡಿಗೆ ಹಾಕಿ, ಏನೂ ಕಾಣದೆ, ಇದ್ದ ಬದ್ದ ದ್ರಾವಣಗಳನ್ನೆಲ್ಲ ಚೆಲ್ಲಿ ಹೊಸದು ಮಾಡಿಕೊಳ್ಳುತ್ತಾರೆ. ಉಳ್ಳಾಗಡ್ಡಿಯ ತುದಿಯಲ್ಲಿ ಆ ಸರಣಿಯೇ ಇಲ್ಲ. ಅಲ್ಲಿರುವುದು ಹನ್ನೆರಡು ಅಕ್ಷರದ ಸಿಟಿಸಿಜಿಜಿಟಿಟಿಎಟಿಜಿಜಿಜಿ. ಇದು ಗೊತ್ತಾಗಿದ್ದು 2016ರಲ್ಲಿ. ಅಲ್ಲಿಯವರೆಗೆ ಈ ಗಿಡ ತನ್ನ ವರ್ಣತಂತುವಿನ ತುದಿಯನ್ನು ಹೇಗೆ ಕಾಯ್ದುಕೊಳ್ಳುತ್ತದೆ ಎಂಬುದು ಇಪ್ಪತ್ತು ವರ್ಷದ ಒಗಟಾಗಿತ್ತು.

ಬೀಜ, ಗಡ್ಡಿ, ಬೇರು

ಗಡ್ಡಿಯಿಂದಲೂ ಬೇರು ಬರಿಸಬಹುದು, ಬೀಜದಿಂದಲೂ ಬರಿಸಬಹುದು. ಅಭ್ಯಾಸಕ್ಕೆ ಗಡ್ಡಿ ಸಾಕು, ತಳಿಯ ಬಗ್ಗೆ ಏನಾದರೂ ಹೇಳಬೇಕಿದ್ದರೆ ಬೀಜವೇ ಆಗಬೇಕು. ಸಂತೆಯ ಗಡ್ಡಿಗೆ ಹೆಸರಿರುವುದಿಲ್ಲ. ವ್ಯಾಪಾರಿ ತೆಲಗಿ ಎಂದರೆ ತೆಲಗಿ, ನಾಸಿಕ್ ಎಂದರೆ ನಾಸಿಕ್. ಅರ್ಕಾ ಕಲ್ಯಾಣ, ಭೀಮಾ ಸೂಪರ್‌ನಂಥ ಬಿಡುಗಡೆಯಾದ ತಳಿಗಳ ಬೀಜವನ್ನು ಚೀಲದ ಲಾಟ್ ಸಂಖ್ಯೆ ಸಮೇತ ಬರೆದಿಟ್ಟುಕೊಂಡು ಬಳಸಿ. ಉಳ್ಳಾಗಡ್ಡಿ ಪರಪರಾಗಸ್ಪರ್ಶದ ಬೆಳೆ, ಒಂದೇ ಚೀಲದ ಎರಡು ಬೀಜ ಒಂದೇ ಅಲ್ಲ. ಆದ್ದರಿಂದ ಪ್ರತಿ ಸಸಿಗೂ ನಂಬರ್, ಆ ಸಸಿಯ ಬೇರಿಗೂ ಅದೇ ನಂಬರ್.

ಗಡ್ಡಿಯಾದರೆ ಬುಡದ ತಟ್ಟೆಗೆ ಅಂಟಿದ ಒಣ ಬೇರುಗಳನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ, ತಟ್ಟೆಗೆ ಗಾಯವಾಗಬಾರದು. ಕಿರಿದಾದ ಗಾಜಿನ ಲೋಟದ ಬಾಯಿಗೆ ಕೂರಿಸಿ, ಬುಡ ಮಾತ್ರ ನೀರಿಗೆ ತಾಗಲಿ. ನಮ್ಮ ಕಡೆಯ ಬೋರ್‌ವೆಲ್ ನೀರು ಹೆಚ್ಚಾಗಿ ಸವುಳು; ಅದರಲ್ಲಿ ಬೇರು ಮೊಂಡಾಗಿ, ಕಂದು ತಿರುಗುತ್ತದೆ. ಫಿಲ್ಟರ್ ನೀರು ಹಾಕಿ, ದಿನಾ ಬದಲಿಸಿ. ಹೊಸ ಫಸಲಿನ ಗಡ್ಡಿ ಇನ್ನೂ ನಿದ್ದೆಯಲ್ಲಿದ್ದು ವಾರಗಟ್ಟಲೆ ಬೇರು ಬಿಡದಿರಬಹುದು. ಮೊಳಕೆ ಬಾರದಿರಲೆಂದು ವಿಕಿರಣ ಹಾಯಿಸಿದ ಗಡ್ಡಿಯಾದರೆ (ಮಹಾರಾಷ್ಟ್ರದ ಲಾಸಲಗಾಂವದಲ್ಲಿ ಅಂಥ ಘಟಕವಿದೆ) ಬೇರು ಬಂದರೂ ಕೋಶ ವಿಭಜನೆ ಕಾಣುವುದಿಲ್ಲ, ಕಂಡರೆ ತುಂಡಾದ ವರ್ಣತಂತುಗಳು.

ಬೀಜಕ್ಕೆ ಬಣ್ಣದ ಲೇಪವಿದ್ದರೆ ಅದು ಶಿಲೀಂಧ್ರನಾಶಕ. ಹರಿಯುವ ನೀರಿನಲ್ಲಿ ಅರ್ಧ ತಾಸು ತೊಳೆದು ತೆಗೆಯಿರಿ. ಕಾರ್ಬೆಂಡಜಿಮ್ ಜಾತಿಯ ಔಷಧಿಗಳು ಕೋಶ ವಿಭಜನೆಯ ಎಳೆಗಳನ್ನೇ ಕೆಡಿಸುವುದರಿಂದ, ತೊಳೆಯದ ಬೀಜದ ಬೇರಿನಲ್ಲಿ ನೀವು ನೋಡುವುದು ಔಷಧಿಯ ಪರಿಣಾಮವೇ ಆದೀತು. ಆಮೇಲೆ 1% ಸೋಡಿಯಂ ಹೈಪೊಕ್ಲೊರೈಟ್‌ನಲ್ಲಿ 5 ನಿಮಿಷ, ಶುದ್ಧ ನೀರಿನಲ್ಲಿ ನಾಲ್ಕು ಸಲ ಜಾಲಿಸಿ, ಒದ್ದೆ ಫಿಲ್ಟರ್ ಕಾಗದದ ಮೇಲೆ ಪೆಟ್ರಿ ತಟ್ಟೆಯಲ್ಲಿ ಹರಡಿ. ಕಾಗದ ಒದ್ದೆ ಇರಬೇಕು, ನೀರು ನಿಲ್ಲಬಾರದು. 20ರಿಂದ 25 ಡಿಗ್ರಿ ಸೆಲ್ಸಿಯಸ್, ಕತ್ತಲು. ಮಾರ್ಚ್‌ನಿಂದ ಮೇವರೆಗೆ ಕೋಣೆಯೇ 38–40 ಡಿಗ್ರಿ ಇರುವಾಗ ಮೊಳಕೆ ಕುಸಿಯುತ್ತದೆ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ನೀರಿನ ತಣ್ಣನೆ ಬಾಟಲಿ ಇಟ್ಟು, ಅದರ ಪಕ್ಕಕ್ಕೆ ತಟ್ಟೆ ಇಡಿ. ವರ್ಷ ದಾಟಿದ, ಡಬ್ಬಿಯಲ್ಲಿ ಬಿಗಿದಿಡದ ಬೀಜ ತರಲೇಬೇಡಿ. ಮೂರ್ನಾಲ್ಕು ದಿನಕ್ಕೆ ಬೇರು 1ರಿಂದ 1.5 ಸೆಂ.ಮೀ. ಆಗುತ್ತದೆ. ಅದೇ ಅಳತೆ. ಇನ್ನೂ ಉದ್ದವಾಗಲಿ ಎಂದು ಕಾಯಬೇಡಿ.

ಬೆಳಿಗ್ಗೆ ಎಂಟಕ್ಕೇ ಬೇರು ಕತ್ತರಿಸಬೇಕು ಎಂಬ ಮಾತು ಬಾಯಿಂದ ಬಾಯಿಗೆ ಬಂದಿದೆ. ನಿಮ್ಮ ಕೋಣೆಯ ಬಿಸಿಲು, ತಂಪು ಬೇರೆ ಇರುವಾಗ ಆ ಗಂಟೆ ನಿಮ್ಮದೂ ಆಗಬೇಕೆಂದಿಲ್ಲ. ಒಂದು ದಿನ ಕೊಟ್ಟು, ಬೆಳಿಗ್ಗೆ 7ರಿಂದ ಮಧ್ಯಾಹ್ನ 1ರವರೆಗೆ ತಾಸಿಗೆ ಮೂರು ಬೇರು ಕತ್ತರಿಸಿ, ಅಸಿಟೊಕಾರ್ಮಿನ್ ಹಾಕಿ ಮೆಟಾಫೇಸ್ (ವರ್ಣತಂತುಗಳು ಕುಗ್ಗಿ ಬಿಡಿಬಿಡಿಯಾಗಿ ಕಾಣುವ ವಿಭಜನೆಯ ಹಂತ) ಎಣಿಸಿ. ಯಾವ ತಾಸಿನಲ್ಲಿ ಹೆಚ್ಚು ಸಿಕ್ಕಿತೋ ಅದನ್ನು ಗೋಡೆಗೆ ಬರೆದು ಅಂಟಿಸಿ.

ತಡೆಯುವುದು, ಸ್ಥಿರಗೊಳಿಸುವುದು

ವಿಭಜನೆ ಮೆಟಾಫೇಸಿನಲ್ಲಿ ನಿಲ್ಲಬೇಕು, ವರ್ಣತಂತುಗಳು ಮಿತವಾಗಿ ಕುಗ್ಗಬೇಕು. ಮೂರು ದಾರಿಗಳಿವೆ. 0.05% ಕಾಲ್ಚಿಸಿನ್, ಕೋಣೆಯ ತಂಪಿನಲ್ಲಿ 3ರಿಂದ 4 ತಾಸು. ಅಥವಾ 2 ಮಿಲಿಮೋಲಾರ್ 8-ಹೈಡ್ರಾಕ್ಸಿಕ್ವಿನೊಲಿನ್ (ಲೀಟರಿಗೆ 0.29 ಗ್ರಾಂ, ತಣ್ಣೀರಿನಲ್ಲಿ ಕರಗದು, 60 ಡಿಗ್ರಿಯಲ್ಲಿ ತಿರುವುತ್ತ ಕರಗಿಸಿ ಕಂದು ಬಾಟಲಿಯಲ್ಲಿಡಿ), 18–20 ಡಿಗ್ರಿಯಲ್ಲಿ 4 ತಾಸು. ಅಥವಾ ಬರೀ ಮಂಜುಗಡ್ಡೆಯ ನೀರು, 24 ತಾಸು. ಚಹಾದ ಥರ್ಮಾಸ್ ಫ್ಲಾಸ್ಕಿನಲ್ಲಿ ಬೇರಿನ ಕೊಳವೆ ಇಳಿಸಿ, ಆರೆಂಟು ತಾಸಿಗೊಮ್ಮೆ ಮಂಜು ತುಂಬಿದರೆ ಕರೆಂಟಿನ ಹಂಗೂ ಇಲ್ಲ, ವಿಷದ ಹಂಗೂ ಇಲ್ಲ. ಕಾಲೇಜಿನ ಮಕ್ಕಳ ಕೈಗೆ ಕಾಲ್ಚಿಸಿನ್ ಕೊಡುವುದಕ್ಕಿಂತ ಇದೇ ವಾಸಿ. ಕಾಲ್ಚಿಸಿನ್ ಹೊತ್ತು ಮೀರಿದರೆ ವರ್ಣತಂತುಗಳು ಕಡ್ಡಿಯಿಂದ ಗುಂಡಿಯಾಗುತ್ತವೆ; ಆಗ 5ಎಸ್‌ನ ಎರಡು ಜಾಗಗಳನ್ನು ಬೇರ್ಪಡಿಸಿ ನೋಡುವ ಆಸೆ ಬಿಡಬೇಕು.

ನಂತರ 3 ಭಾಗ ಶುದ್ಧ ಈಥೈಲ್ ಆಲ್ಕೋಹಾಲ್, 1 ಭಾಗ ಗ್ಲೇಶಿಯಲ್ ಅಸಿಟಿಕ್ ಆಮ್ಲ. ಬೆರೆಸಿದ ಅರ್ಧ ತಾಸಿನೊಳಗೆ ಬೇರು ಹಾಕಿ. ನಿನ್ನೆ ಬೆರೆಸಿದ್ದನ್ನು ಮೂಸಿ ನೋಡಿದರೆ ಹಣ್ಣಿನಂಥ ವಾಸನೆ ಬರುತ್ತದೆ. ಆಲ್ಕೋಹಾಲ್ ಮತ್ತು ಆಮ್ಲ ಕೂಡಿ ಎಸ್ಟರ್ ಆಗುತ್ತಿದೆ ಎಂದರ್ಥ, ಸ್ಥಿರಗೊಳಿಸುವ ಶಕ್ತಿ ಇಳಿದಿದೆ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್ ಯಾವುದೂ ಇದಕ್ಕೆ ಬದಲಿಯಲ್ಲ, ಅವುಗಳಲ್ಲಿ ಎಣ್ಣೆ, ಗ್ಲಿಸರಿನ್ ಮೊದಲಾದವು ಬೆರೆತಿರುತ್ತವೆ. ಬೇರಿನ ಗಾತ್ರದ ಹತ್ತು ಪಟ್ಟಾದರೂ ದ್ರಾವಣ ಇರಲಿ. ಒಂದು ದಿನ ಕೋಣೆಯಲ್ಲಿಟ್ಟು, 70% ಆಲ್ಕೋಹಾಲಿಗೆ ಬದಲಿಸಿ, ಫ್ರೀಜರಿನಲ್ಲಿ ಮೈನಸ್ 20ಕ್ಕೆ ಇಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ.

ಸ್ಲೈಡ್: ಇಲ್ಲಿಯೇ ಗೆಲುವು ಸೋಲು

ಸಿಟ್ರೇಟ್ ಬಫರ್ ಮೊದಲು ಮಾಡಿಟ್ಟುಕೊಳ್ಳಿ. 0.1 ಮೋಲಾರ್ ಸಿಟ್ರಿಕ್ ಆಮ್ಲ 40 ಮಿ.ಲೀ., 0.1 ಮೋಲಾರ್ ಟ್ರೈಸೋಡಿಯಂ ಸಿಟ್ರೇಟ್ 60 ಮಿ.ಲೀ. ಬೆರೆಸಿದರೆ ಪಿಎಚ್ 4.8ರ ಹತ್ತು ಪಟ್ಟಿನ ದಾಸ್ತಾನು. ಬಳಸುವಾಗ 1ಕ್ಕೆ 9 ಪಾಲು ನೀರು. ಬೇರನ್ನು ಈ ಬಫರಿನಲ್ಲಿ 10 ನಿಮಿಷದಂತೆ ಎರಡು ಸಲ ತೊಳೆಯಿರಿ. ಆಲ್ಕೋಹಾಲ್ ಉಳಿದರೆ ಕಿಣ್ವ ಕೆಲಸ ಮಾಡದು.

ಕಿಣ್ವದ ಮಿಶ್ರಣ: ಬಫರಿನಲ್ಲಿ ಸೆಲ್ಯುಲೇಸ್ ಒನೊಜುಕಾ ಆರ್-10 1%, ಪೆಕ್ಟೊಲೇಸ್ ವೈ-23 1%, ಸಿಕ್ಕರೆ ಸೈಟೊಹೆಲಿಕೇಸ್ 1%. ಬೇರಿನ ತುದಿಯ 2 ಮಿ.ಮೀ. ಮಾತ್ರ ಕತ್ತರಿಸಿ 37 ಡಿಗ್ರಿಯಲ್ಲಿ 60ರಿಂದ 90 ನಿಮಿಷ. ಗಡ್ಡಿಯ ಬೇರು ದಪ್ಪ, ಅದಕ್ಕೆ ಇನ್ನೂ ಅರ್ಧ ತಾಸು ಬೇಕಾದೀತು. ಗಡಿಯಾರಕ್ಕಿಂತ ಕಣ್ಣನ್ನು ನಂಬಿ: ಚಿಮಟದಿಂದ ಮೆಲ್ಲಗೆ ಎತ್ತಿದಾಗ ತುದಿ ನೆಂದ ಅವಲಕ್ಕಿಯಂತೆ ಬಾಗಬೇಕು, ಆದರೆ ಹರಿಯಬಾರದು. ನೀರಿನಲ್ಲೇ ಕರಗಿ ಚದುರಿದರೆ ಹೆಚ್ಚಾಯಿತು. ಕಡ್ಡಿಯಂತೆ ನೆಟ್ಟಗಿದ್ದರೆ ಇನ್ನೂ ಸಮಯ ಬೇಕು. ಮಿಶ್ರಣ ದುಬಾರಿ, 1 ಮಿ.ಲೀ. ಕೊಳವೆಗಳಲ್ಲಿ ಹೆಪ್ಪುಗಟ್ಟಿಸಿಟ್ಟು ಮೂರ್ನಾಲ್ಕು ಸಲ ಬಳಸಬಹುದು.

ಮತ್ತೆ ಬಫರಿನಲ್ಲಿ ತೊಳೆದು, ಒಂದು ತುದಿಯನ್ನು ಶುಚಿಯಾದ ಸ್ಲೈಡ್ ಮೇಲಿಡಿ. 45% ಅಸಿಟಿಕ್ ಆಮ್ಲ ಒಂದು ಹನಿ. ಸ್ಟೀರಿಯೊ ಸೂಕ್ಷ್ಮದರ್ಶಕದಡಿ ಎರಡು ಸೂಜಿ ಹಿಡಿದು ಬೇರಿನ ಟೋಪಿಯನ್ನು ಕಿತ್ತು ಹೊರಗೆ ಹಾಕಿ. ಅದರ ಹಿಂದೆ ಹಾಲಿನ ಬಣ್ಣದ, ಒಂದು ಮಿಲಿಮೀಟರಿಗೂ ಕಡಿಮೆಯ ತುಣುಕು ಇದೆ, ವಿಭಜನೆಯಾಗುವ ಕೋಶಗಳಿರುವುದು ಅಲ್ಲೇ. ಉಳಿದದ್ದನ್ನು ಸ್ಲೈಡಿನಿಂದ ತೆಗೆದುಬಿಡಿ. ತೆಗೆಯಲು ಮನಸ್ಸಾಗದೆ ಇಡೀ ಬೇರನ್ನು ಹಿಚುಕಿದರೆ, ಉದ್ದನೆಯ ಹಳೆ ಕೋಶಗಳು ಕವರ್‌ಸ್ಲಿಪ್ಪನ್ನು ಎತ್ತಿ ಹಿಡಿದು ಬೇಕಾದ ಕೋಶಗಳು ಚಪ್ಪಟೆಯಾಗುವುದೇ ಇಲ್ಲ. ಸೂಜಿಯಿಂದ ಮಂದಗೆ ಆಗುವಂತೆ ಕದಡಿ, 18 ಮಿ.ಮೀ. ಕವರ್‌ಸ್ಲಿಪ್ ಹಾಕಿ, ಸೂಜಿಯ ಹಿಡಿಯಿಂದ ಹಗುರಾಗಿ ತಟ್ಟಿ. ಫಿಲ್ಟರ್ ಕಾಗದ ಮುಚ್ಚಿ ಹೆಬ್ಬೆರಳಿನಿಂದ ನೇರ ಒತ್ತಿ. ಕವರ್‌ಸ್ಲಿಪ್ ಕೂದಲಿನಷ್ಟು ಜರುಗಿದರೂ ಕೋಶಗಳು ಬತ್ತಿಯಂತೆ ಹೊಸೆದುಹೋಗುತ್ತವೆ.

ಫೇಸ್ ಕಾಂಟ್ರಾಸ್ಟ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಸಾದಾ ಸೂಕ್ಷ್ಮದರ್ಶಕದ ಕಂಡೆನ್ಸರ್ ಇಳಿಸಿ, ದ್ವಾರ ಕಿರಿದು ಮಾಡಿ ನೋಡಿ. ವರ್ಣತಂತು ಮಂಕಾದ ಕಪ್ಪು ಬೂದಿ ಬಣ್ಣದಲ್ಲಿ, ಸುತ್ತಲಿನ ಜಾಗ ಸ್ವಚ್ಛವಾಗಿ ಕಾಣಬೇಕು. ಸುತ್ತ ಹಿಟ್ಟು ಉದುರಿಸಿದಂಥ ಮಬ್ಬು ಇದ್ದರೆ ಅದು ಸೈಟೊಪ್ಲಾಸಮ್; ಪ್ರೋಬ್ ಅದನ್ನು ದಾಟಿ ಒಳಗೆ ಹೋಗದು, ಅಥವಾ ಅದಕ್ಕೇ ಅಂಟಿಕೊಂಡು ಇಡೀ ಹಿನ್ನೆಲೆ ಹೊಳೆಯುತ್ತದೆ. ಇಡೀ ಸ್ಲೈಡಿನಲ್ಲಿ ಐದು ಒಳ್ಳೆಯ ಮೆಟಾಫೇಸ್ ಇಲ್ಲದಿದ್ದರೆ ಅದನ್ನು ಅಲ್ಲಿಗೇ ಬಿಡಿ. ಹತ್ತು ಸ್ಲೈಡ್ ಮಾಡಿ ಮೂರು ಉಳಿಸಿಕೊಳ್ಳುವುದು ಸಾಮಾನ್ಯ, ಬೇಜಾರು ಬೇಡ.

ಕವರ್‌ಸ್ಲಿಪ್ ತೆಗೆಯಲು ಸ್ಲೈಡ್ ಹೆಪ್ಪುಗಟ್ಟಬೇಕು. ದ್ರವ ಸಾರಜನಕ ಎಲ್ಲಿ ತರುವುದೆಂದು ಕೈಚೆಲ್ಲಬೇಕಿಲ್ಲ. ದನಗಳ ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳನ್ನು ಇಡುವುದೇ ಅದರಲ್ಲಿ, ಪಶು ಆಸ್ಪತ್ರೆಗೆ ಅದು ಎಲ್ಲಿಂದ ಬರುತ್ತದೋ ಅಲ್ಲಿಂದಲೇ ಸಣ್ಣ ಕ್ಯಾನ್ ತುಂಬಿಸಿಕೊಳ್ಳಬಹುದು. ಚಿಮಟದಲ್ಲಿ ಹಿಡಿದು ಸ್ಲೈಡನ್ನು ಅದ್ದಿ, ಚರಚರ ಸದ್ದು ನಿಂತ ಕೂಡಲೇ ಹೊರತೆಗೆದು ಬ್ಲೇಡಿನ ಮೂಲೆಯಿಂದ ಕವರ್‌ಸ್ಲಿಪ್ಪನ್ನು ಒಂದೇ ಏಟಿಗೆ ಹಾರಿಸಿ. ತಡಮಾಡಿದರೆ ಮಂಜು ಕರಗಿ ಅರ್ಧ ಕೋಶಗಳು ಕವರ್‌ಸ್ಲಿಪ್ಪಿನೊಂದಿಗೇ ಹೋಗುತ್ತವೆ. ಗಾಳಿಗೆ ಒಣಗಿಸಿ, ಒಂದು ರಾತ್ರಿ 37 ಡಿಗ್ರಿಯಲ್ಲಿಡಿ.

ಹಿಚುಕುವ ಬದಲು ಕೋಶಗಳನ್ನು ಹನಿಯಾಗಿ ಬೀಳಿಸುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ಇಲ್ಲಿನ ಗಾಳಿ ಎಷ್ಟು ಒಣ ಎಂದರೆ ಹನಿ ಹರಡುವ ಮೊದಲೇ ಆರಿ, ವರ್ಣತಂತುಗಳು ಮುದ್ದೆಯಾಗಿಯೇ ಉಳಿಯುತ್ತವೆ. ಹನಿ ಬಿದ್ದು ಮೇಲ್ಮೈ ರವೆಯಂತೆ ಕಾಣತೊಡಗಿದಾಗ ಸ್ಲೈಡನ್ನು 55 ಡಿಗ್ರಿ ನೀರಿನ ಹಬೆಗೆ ಮೂರರಿಂದ ಐದು ಸೆಕೆಂಡ್ ಹಿಡಿದು, ಕೂಡಲೇ ಗಾಳಿಗೆ ಒಣಗಿಸಿ. ಅಷ್ಟರಿಂದಲೇ ಹರಡುವಿಕೆ ಎದ್ದು ಕಾಣುವಷ್ಟು ಸುಧಾರಿಸುತ್ತದೆ.

ಪ್ರೋಬ್

ಗೋಧಿಯಿಂದ ತೆಗೆದ ಪಿಟಿಎ71 (45ಎಸ್) ಮತ್ತು ಪಿಟಿಎ794 (5ಎಸ್) ಎಂಬ ಹಳೆಯ ಪ್ಲಾಸ್ಮಿಡ್‌ಗಳು (ಆ ಜೀನಿನ ತುಣುಕು ಹೊತ್ತ ಬ್ಯಾಕ್ಟೀರಿಯಾದ ಡಿಎನ್ಎ ಉಂಗುರಗಳು) ಉಳ್ಳಾಗಡ್ಡಿಗೂ ನಡೆಯುತ್ತವೆ, ಏಕೆಂದರೆ ಈ ಜೀನ್‌ಗಳು ಸಸ್ಯಲೋಕದಲ್ಲಿ ಹೆಚ್ಚು ಬದಲಾಗಿಲ್ಲ. ಪ್ಲಾಸ್ಮಿಡ್ ಸಿಗದಿದ್ದರೆ ಉಳ್ಳಾಗಡ್ಡಿಯ ಡಿಎನ್ಎಯಿಂದಲೇ ಪಿಸಿಆರ್ (ಬೇಕಾದ ತುಣುಕಿನ ಪ್ರತಿಗಳನ್ನು ಸುತ್ತು ಸುತ್ತಾಗಿ ಹೆಚ್ಚಿಸುವ ವಿಧಾನ) ಮಾಡಿ. ಎಲೆಯ ಲೋಳೆ ಡಿಎನ್ಎ ಜತೆಗೇ ಬರುವುದರಿಂದ ಹತ್ತು ದಿನದ ಎಳೆ ಸಸಿ ಬಳಸಿ. ಪ್ರತಿಗಳು ಲೆಕ್ಕವಿಲ್ಲದಷ್ಟಿರುವುದರಿಂದ 25 ಸುತ್ತು ಸಾಕು. ಸಾಲು ಸರಣಿಯಾಗಿದ್ದರೆ ಜೆಲ್‌ನಲ್ಲಿ ಏಣಿಯಂತೆ ಪಟ್ಟಿಗಳು ಬರುತ್ತವೆ. 375ರ ಸ್ಯಾಟಲೈಟ್‌ಗೆ 375, 750, 1125. ಏಣಿ ಕಂಡರೆ ನಿಮ್ಮ ಸರಣಿ ನಿಜವಾಗಿಯೂ ಸಾಲಾಗಿ ಕೂತಿದೆ ಎಂಬುದಕ್ಕೆ ಅದೇ ಮೊದಲ ಪುರಾವೆ. ಸುತ್ತು 35 ದಾಟಿಸಿದರೆ ಏಣಿ ಅಳಿಸಿ ಬರೀ ಗೀಚು ಉಳಿಯುತ್ತದೆ. ಕೆಳಗಿನ ಪಟ್ಟಿಯನ್ನು ಕತ್ತರಿಸಿ, ಶುಚಿಗೊಳಿಸಿ, ಒಮ್ಮೆ ಸರಣಿ ಓದಿಸಿ ನೋಡಿ.

ಗುರುತು ಹಚ್ಚಲು ನಿಕ್ ಟ್ರಾನ್ಸ್‌ಲೇಶನ್ (ಕಿಣ್ವಗಳಿಂದ ಡಿಎನ್ಎಯೊಳಗೆ ಗುರುತಿನ ಅಕ್ಷರ ಸೇರಿಸುವುದು): 1 ಮೈಕ್ರೊಗ್ರಾಂ ಡಿಎನ್ಎ, 20 ಮೈಕ್ರೊಲೀಟರ್ ಮಿಶ್ರಣ, 15 ಡಿಗ್ರಿಯಲ್ಲಿ 90 ನಿಮಿಷ. ಒಂದಕ್ಕೆ ಬಯೋಟಿನ್, ಇನ್ನೊಂದಕ್ಕೆ ಡಿಗಾಕ್ಸಿಜೆನಿನ್. ಈ ಗುರುತುಗಳು ತಾವೇ ಹೊಳೆಯುವುದಿಲ್ಲ, ಕೊನೆಗೆ ಅವನ್ನು ಹಿಡಿಯುವ ಬಣ್ಣದ ಸ್ಟ್ರೆಪ್ಟಾವಿಡಿನ್, ಆ್ಯಂಟಿಬಾಡಿ ಹಾಕಬೇಕು. ನಿಲ್ಲಿಸುವ ಮೊದಲು 2 ಮೈಕ್ರೊಲೀಟರ್ ತೆಗೆದು ಜೆಲ್‌ನಲ್ಲಿ ನೋಡಿ, ತುಣುಕುಗಳು 200ರಿಂದ 500 ಬೇಸ್ ಜೋಡಿ ಇರಬೇಕು. ದೊಡ್ಡವಿದ್ದರೆ ಸ್ಲೈಡ್ ತುಂಬ ನಕ್ಷತ್ರ ಚೆಲ್ಲಿದಂತೆ ಹಿನ್ನೆಲೆ, 100ಕ್ಕಿಂತ ಚಿಕ್ಕವಾದರೆ ತೊಳೆಯುವಾಗ ಹೋಗುತ್ತವೆ. ಕೊನೆಗೆ 0.5 ಮೋಲಾರ್ ಇಡಿಟಿಎ 1 ಮೈಕ್ರೊಲೀಟರ್, 65 ಡಿಗ್ರಿಯಲ್ಲಿ 10 ನಿಮಿಷ.

ಇಷ್ಟೆಲ್ಲ ಬೇಡವೆನಿಸಿದರೆ ಬಣ್ಣ ಹಚ್ಚಿಯೇ ತಯಾರಿಸಿ ಕೊಡುವ ಸಣ್ಣ ಪ್ರೋಬ್ ತರಿಸಿಕೊಳ್ಳಿ. ಟೆಲೊಮಿಯರಿನ ಹನ್ನೆರಡಕ್ಷರವನ್ನು ನಾಲ್ಕು ಸಲ ಜೋಡಿಸಿದರೆ 48 ಅಕ್ಷರ, ಒಂದು ತುದಿಗೆ ಸೈ3 ಬಣ್ಣ. ಆ್ಯಂಟಿಬಾಡಿಯ ಖರ್ಚೂ ಉಳಿಯುತ್ತದೆ, ಒಂದು ದಿನದ ಕೆಲಸವೂ ಉಳಿಯುತ್ತದೆ. ಎರಡು ಬಣ್ಣ ಬಳಸುವಾಗ ಸಣ್ಣ ಚುಕ್ಕೆಯ 5ಎಸ್‌ಗೆ ಕೆಂಪು, ದೊಡ್ಡ ಚುಕ್ಕೆಯ 45ಎಸ್‌ಗೆ ಹಸಿರು ಇರಲಿ. ಕೋಶಭಿತ್ತಿಯ ಚೂರುಗಳು ತಾವೇ ಹಸಿರಾಗಿ ಹೊಳೆಯುವುದುಂಟು, ಸಣ್ಣ ಹಸಿರು ಚುಕ್ಕೆ ಅದರಲ್ಲಿ ಕಳೆದುಹೋಗುತ್ತದೆ.

ಅಂಟಿಸುವ ರಾತ್ರಿ

ದಾಸ್ತಾನಿಗೆ 20 ಪಟ್ಟು ಗಟ್ಟಿಯ ಉಪ್ಪು-ಸಿಟ್ರೇಟ್ ದ್ರಾವಣ, ಅಂದರೆ ಎಸ್‌ಎಸ್‌ಸಿ: ಲೀಟರಿಗೆ ಉಪ್ಪು (ಸೋಡಿಯಂ ಕ್ಲೋರೈಡ್) 175.3 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 88.2 ಗ್ರಾಂ, ಪಿಎಚ್ 7. ನೀರು ಸೇರಿ ಒಟ್ಟು ಒಂದು ಲೀಟರಿನಲ್ಲಿ ಇದರ 100 ಮಿ.ಲೀ. ಇದ್ದರೆ 2 ಪಟ್ಟು, 5 ಮಿ.ಲೀ. ಆದರೆ 0.1 ಪಟ್ಟು.

ಸ್ಲೈಡಿಗೆ ಮೊದಲು ಆರ್‌ಎನ್‌ಏಸ್ (2 ಪಟ್ಟು ಎಸ್‌ಎಸ್‌ಸಿಯಲ್ಲಿ ಮಿ.ಲೀ.ಗೆ 100 ಮೈಕ್ರೊಗ್ರಾಂ) 37 ಡಿಗ್ರಿಯಲ್ಲಿ ಒಂದು ತಾಸು. ಆರ್‌ಡಿಎನ್ಎ ಪ್ರೋಬ್ ಕೋಶದಲ್ಲಿ ತುಂಬಿರುವ ರೈಬೋಸೋಮಿನ ಆರ್‌ಎನ್‌ಎಗೂ ಅಂಟುವುದರಿಂದ ಇದನ್ನು ಬಿಡುವಂತಿಲ್ಲ. 2 ಪಟ್ಟು ಎಸ್‌ಎಸ್‌ಸಿಯಲ್ಲಿ 5 ನಿಮಿಷದಂತೆ ಮೂರು ತೊಳೆತ. ಮಬ್ಬು ಇದ್ದ ಸ್ಲೈಡಿಗೆ ಮಾತ್ರ ಪೆಪ್ಸಿನ್ (0.01 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಮಿ.ಲೀ.ಗೆ 10 ಮೈಕ್ರೊಗ್ರಾಂ) 5 ನಿಮಿಷ; ಸ್ವಚ್ಛ ಸ್ಲೈಡಿಗೆ ಹಾಕಿದರೆ ವರ್ಣತಂತುವೇ ಸವೆಯುತ್ತದೆ. ತೊಳೆದು, 4% ಪ್ಯಾರಾಫಾರ್ಮಾಲ್ಡಿಹೈಡ್ 10 ನಿಮಿಷ, ತೊಳೆದು, 70, 90, 100% ಆಲ್ಕೋಹಾಲ್ ಮೂರು ಮೂರು ನಿಮಿಷ, ಒಣಗಿಸಿ.

22 ಮಿ.ಮೀ. ಕವರ್‌ಸ್ಲಿಪ್ಪಿಗೆ 20 ಮೈಕ್ರೊಲೀಟರ್ ಮಿಶ್ರಣ ಹೀಗೆ: ಫಾರ್ಮಮೈಡ್ 10, 50% ಡೆಕ್ಸ್‌ಟ್ರಾನ್ ಸಲ್ಫೇಟ್ 4, 20 ಪಟ್ಟು ಎಸ್‌ಎಸ್‌ಸಿ 2, ಸಾಲ್ಮನ್ ವೀರ್ಯದ ಡಿಎನ್ಎ (ಮಿ.ಲೀ.ಗೆ 10 ಮಿ.ಗ್ರಾಂ) 1, ಎರಡು ಪ್ರೋಬ್‌ಗಳು (ಮೈಕ್ರೊಲೀಟರಿಗೆ 50 ನ್ಯಾನೊಗ್ರಾಂ) ಒಂದೊಂದು, ನೀರು 1. ಡೆಕ್ಸ್‌ಟ್ರಾನ್ ಜೇನಿನಂತೆ ಗಟ್ಟಿ. ಪಿಪೆಟ್ಟಿನ ತುದಿ ಕತ್ತರಿಸಿ, ನಿಧಾನ ಎಳೆಯಿರಿ, ಇಲ್ಲವಾದರೆ 4ರ ಬದಲು 2 ಬಂದಿರುತ್ತದೆ. ಫಾರ್ಮಮೈಡ್ ಗರ್ಭಕ್ಕೆ ಹಾನಿಕರ, ಕೈಗವಸು ಹಾಕಿ, ಗಾಳಿ ಹೀರುವ ಪೆಟ್ಟಿಗೆಯೊಳಗೆ ಕೆಲಸ ಮಾಡಿ.

ಮಿಶ್ರಣವನ್ನು 80 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ ತಕ್ಷಣ ಮಂಜಿನಲ್ಲಿ 5 ನಿಮಿಷ. ಸ್ಲೈಡ್ ಮೇಲೆ ಹಾಕಿ, ಕವರ್‌ಸ್ಲಿಪ್ಪಿನ ಅಂಚಿಗೆ ರಬ್ಬರ್ ಸಿಮೆಂಟ್ ಹಚ್ಚಿ (ಸೈಕಲ್ ಪಂಕ್ಚರ್ ತಿದ್ದುವ ಸೊಲ್ಯೂಷನ್ನೂ ಕೆಲಸಕ್ಕೆ ಬರುತ್ತದೆ), ಹಾಟ್ ಪ್ಲೇಟ್ ಮೇಲೆ 80 ಡಿಗ್ರಿಯಲ್ಲಿ 3 ನಿಮಿಷ. ಈ 80 ಎಂಬುದು ಪ್ಲೇಟಿನ ಅಂಕಿಯಲ್ಲ, ಸ್ಲೈಡಿನ ಮೇಲ್ಮೈಯದು. ಒಂದು ಹಾಳು ಸ್ಲೈಡ್ ಮೇಲೆ ಹನಿ ನೀರಿಟ್ಟು ಥರ್ಮೋಮೀಟರಿನ ತುದಿ ತಾಗಿಸಿ ನೋಡಿದರೆ, ಯಂತ್ರ ತೋರಿಸುವುದಕ್ಕೂ ಇದಕ್ಕೂ ಐದಾರು ಡಿಗ್ರಿ ಅಂತರ ಇರುವುದು ಕಾಣುತ್ತದೆ.

ಆಮೇಲೆ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ, 37 ಡಿಗ್ರಿಯಲ್ಲಿ 16ರಿಂದ 20 ತಾಸು. ಡಬ್ಬಿಯ ತಳದ ಕಾಗದವನ್ನು ಬರೀ ನೀರಿನಿಂದಲ್ಲ, 2 ಪಟ್ಟು ಎಸ್‌ಎಸ್‌ಸಿಯಿಂದ ನೆನೆಸಿ. ರಾತ್ರಿ ಕರೆಂಟ್ ಹೋಗುವ ಊರಾದರೆ ಬಿಸಿನೀರಿನ ಬಾಟಲಿಯೊಂದನ್ನು ಇನ್‌ಕ್ಯುಬೇಟರಿನಲ್ಲೇ ಇಟ್ಟಿರಿ, ಎರಡು ತಾಸಿನ ಮಟ್ಟಿಗೆ ಶಾಖ ಉಳಿಯುತ್ತದೆ.

ತೊಳೆತ, ಬಣ್ಣ

ಮರುದಿನ 2 ಪಟ್ಟು ಎಸ್‌ಎಸ್‌ಸಿಯಲ್ಲಿ ಕವರ್‌ಸ್ಲಿಪ್ ತಾನಾಗಿ ಜಾರಲಿ, ಎಳೆಯಬೇಡಿ. 42 ಡಿಗ್ರಿಯಲ್ಲಿ 0.1 ಪಟ್ಟು ಎಸ್‌ಎಸ್‌ಸಿ 10 ನಿಮಿಷದಂತೆ ಎರಡು ಸಲ, 2 ಪಟ್ಟು ಎಸ್‌ಎಸ್‌ಸಿ 5 ನಿಮಿಷ. ಸಣ್ಣ ಪ್ರೋಬ್ ಆದರೆ 0.1 ಪಟ್ಟಿನ ತೊಳೆತ ಬಿಟ್ಟು, 2 ಪಟ್ಟಿನಲ್ಲೇ 42 ಡಿಗ್ರಿಯಲ್ಲಿ ತೊಳೆಯಿರಿ. ಕಡಿಮೆ ಉಪ್ಪಿನಲ್ಲಿ 48 ಅಕ್ಷರದ ಹಿಡಿತ ಬಿಡಬಹುದು. ಆ್ಯಂಟಿಬಾಡಿ ಬೇಕಾದವರು 4 ಪಟ್ಟು ಎಸ್‌ಎಸ್‌ಸಿಗೆ 0.2% ಟ್ವೀನ್ 20 ಸೇರಿಸಿ 5 ನಿಮಿಷ, 5% ಬಿಎಸ್‌ಎ (ಹಿನ್ನೆಲೆಗೆ ಅಂಟದಂತೆ ತಡೆಯುವ ದನದ ರಕ್ತದ ಪ್ರೋಟೀನ್) ಅರ್ಧ ತಾಸು, ಡಿಗಾಕ್ಸಿಜೆನಿನ್ ಹಿಡಿಯುವ ಹಸಿರು ಆ್ಯಂಟಿಬಾಡಿ ಮತ್ತು ಬಯೋಟಿನ್ ಹಿಡಿಯುವ ಕೆಂಪು ಸ್ಟ್ರೆಪ್ಟಾವಿಡಿನ್-ಸೈ3 ಕತ್ತಲಲ್ಲಿ 37 ಡಿಗ್ರಿಯಲ್ಲಿ ಒಂದು ತಾಸು, ಅದೇ ಟ್ವೀನ್ ದ್ರಾವಣದಲ್ಲಿ ಮೂರು ತೊಳೆತ. ಈ ಹಂತಗಳಲ್ಲಿ ಸ್ಲೈಡ್ ಒಂದು ನಿಮಿಷವೂ ಒಣಗಬಾರದು. ಫ್ಯಾನಿನ ಕೆಳಗೆ ಕೂತು ಈ ಕೆಲಸ ಮಾಡುವವರಿಗೆ ಹಿನ್ನೆಲೆ ಏಕೆ ಹೊಳೆಯಿತೆಂದು ಬೇರೆ ಹೇಳಬೇಕಿಲ್ಲ. ಕೊನೆಗೆ ಮಿ.ಲೀ.ಗೆ 2 ಮೈಕ್ರೊಗ್ರಾಂ ಡ್ಯಾಪಿ (ವರ್ಣತಂತುಗಳನ್ನು ನೀಲಿಯಾಗಿಸುವ ಬಣ್ಣ), ಬಣ್ಣ ಮಾಸದಂತೆ ಕಾಯುವ ಆ್ಯಂಟಿಫೇಡ್ ಹನಿ, ಕವರ್‌ಸ್ಲಿಪ್.

ಓದುವುದು

ವರ್ಣತಂತುಗಳು ನೀಲಿಯಾಗಿ, ಅಂಚು ಸ್ಪಷ್ಟವಾಗಿ, ಚಿತ್ರ ಬರೆದಂತೆ ಕಾಣುತ್ತಿದ್ದು ಚುಕ್ಕೆ ಒಂದೂ ಇಲ್ಲವೆಂದರೆ ಡಿಎನ್ಎಯ ಎಳೆಗಳು ಬಿಚ್ಚಿಲ್ಲ, ಶಾಖ ಸಾಲದು. ವರ್ಣತಂತು ಉಬ್ಬಿ, ಒಳಗೆ ಟೊಳ್ಳಾಗಿ, ನೀಲಿ ಪೇಲವವಾಗಿದ್ದರೆ ಶಾಖ ಹೆಚ್ಚಾಯಿತು. ಕೋಶಕೇಂದ್ರಗಳಲ್ಲಿ ಚುಕ್ಕೆ ಇದ್ದು ಮೆಟಾಫೇಸಿನಲ್ಲಿ ಇಲ್ಲವೆಂದರೆ ಆ ಮೆಟಾಫೇಸ್ ಸುತ್ತ ಸೈಟೊಪ್ಲಾಸಮ್ ಉಳಿದಿದೆ. 375ರ ಸಾಕ್ಷಿ ಪ್ರೋಬ್ ತುದಿಗಳಲ್ಲಿ ಹೊಳೆದು 5ಎಸ್ ಮಾತ್ರ ಕಾಣದಿದ್ದರೆ ದೋಷ 5ಎಸ್ ಪ್ರೋಬಿನದು, ಸ್ಲೈಡಿನದಲ್ಲ. ಎರಡೂ ಅರೆವರ್ಣತಂತುಗಳಲ್ಲಿ ಅಕ್ಕಪಕ್ಕ ಜೋಡಿಯಾಗಿ ಬಂದ ಚುಕ್ಕೆಯನ್ನು ನಂಬಿ. ಒಂದರಲ್ಲಿ ಮಾತ್ರ ಇದ್ದು, ಬೇರೆ ಕೋಶದಲ್ಲಿ ಮರುಕಳಿಸದ ಚುಕ್ಕೆ ಕಸ.

ಎಣಿಕೆಯಲ್ಲಿ ಹದಿನಾರರ ಬದಲು ಹದಿನೇಳು, ಹದಿನೆಂಟು ಬಂದರೆ ಗಾಬರಿಯಾಗುವ ಮೊದಲು 45ಎಸ್‌ನ ಹಸಿರು ನೋಡಿ. 6ನೆಯದರ ತುದಿಯ ಗುಂಡು ನೂಲಿನಷ್ಟು ಸಣ್ಣ ಎಳೆಯಿಂದ ಜೋತಿರುತ್ತದೆ. ಹಿಚುಕುವಾಗ ಅದು ದೂರ ಸರಿದು ಪ್ರತ್ಯೇಕ ವರ್ಣತಂತುವಿನಂತೆ ಕೂರುತ್ತದೆ. ಆ ಎಳೆಯೇ 45ಎಸ್ ಆಗಿರುವುದರಿಂದ ಹಸಿರು ಗೆರೆ ಎರಡನ್ನೂ ಜೋಡಿಸಿ ತೋರಿಸುತ್ತದೆ.

ಒಪ್ಪಿಕೊಳ್ಳಬೇಕಾದ ಮಿತಿಯೊಂದಿದೆ. 5ಎಸ್ ಮತ್ತು 45ಎಸ್ ಎರಡೂ ಸೇರಿ 6, 7, 8 ಈ ಮೂರು ಜೋಡಿಗಳನ್ನು ಮಾತ್ರ ಖಚಿತವಾಗಿ ಹಿಡಿದುಕೊಡುತ್ತವೆ. 1ರಿಂದ 5ರವರೆಗಿನವನ್ನು ಉದ್ದ ಮತ್ತು ತೋಳುಗಳ ಅನುಪಾತದಿಂದಲೇ ಬಿಡಿಸಬೇಕು. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಎರಡೂ ತೋಳು ಅಳೆದು, ಉದ್ದನೆಯದನ್ನು ಗಿಡ್ಡದರಿಂದ ಭಾಗಿಸಿ: 1.7ರವರೆಗೆ ನಡುಸೆಂಟ್ರೊಮಿಯರ್, 3ರವರೆಗೆ ಉಪನಡು, 7ರವರೆಗೆ ಉಪತುದಿ. ಒಂದೇ ಸ್ಲೈಡಿನ ಒಂದೇ ಸುಂದರ ಕೋಶದಿಂದ ಅಳೆದ ಅಂಕಿ ಯಾರಿಗೂ ಬೇಡ. ಕನಿಷ್ಠ ಐದು ಗಿಡ, ಹತ್ತು ಮೆಟಾಫೇಸ್. ಪ್ರತಿ ಬಣ್ಣವನ್ನೂ ಬೇರೆ ಬೇರೆ ಚಿತ್ರ ತೆಗೆದು, ಎಕ್ಸ್‌ಪೋಶರ್ ಬರೆದಿಟ್ಟುಕೊಳ್ಳಿ.

ಪಕ್ಕದ ಪ್ರಭೇದಗಳಿಗೆ ಹೋದಾಗ ಮೊದಲಿನಿಂದ ಪರೀಕ್ಷಿಸಬೇಕು. ಬಳ್ಳೊಳ್ಳಿಯೂ 16 ವರ್ಣತಂತುಗಳದ್ದೇ, ಆದರೆ ಉಳ್ಳಾಗಡ್ಡಿಯ ನಮೂನೆಯನ್ನೇ ಅಲ್ಲಿ ನಿರೀಕ್ಷಿಸುವಂತಿಲ್ಲ. ಜಪಾನ್, ಚೀನಾ ಕಡೆ ಎಲೆಗಾಗಿ ಬೆಳೆಯುವ ಅಲಿಯಂ ಫಿಸ್ಟುಲೋಸಂ ಜತೆಗಿನ ಮಿಶ್ರತಳಿಯಲ್ಲಿ 375ರ ಸ್ಯಾಟಲೈಟ್ ತೀರ್ಪು ಕೊಡದು; ಹತ್ತಿರದ ಸಂಬಂಧಿಗಳಲ್ಲಿ ಅದೇ ಬಗೆಯ ಸರಣಿ ಇರುವುದರಿಂದ ಎರಡೂ ಕಡೆಯ ತುದಿಗಳು ಹೊಳೆಯುತ್ತವೆ. ಅಲ್ಲಿ ಒಂದು ಪ್ರಭೇದದ ಇಡೀ ಡಿಎನ್ಎಗೆ ಬಣ್ಣ ಹಚ್ಚಿ, ಇನ್ನೊಂದರ ಬಣ್ಣವಿಲ್ಲದ ಡಿಎನ್ಎಯನ್ನು 30ರಿಂದ 50 ಪಟ್ಟು ಸುರಿದು ತಡೆಯುವ ಗಿಶ್ ವಿಧಾನ ಬೇಕು. ಅದರ ಮೇಲೆ 5ಎಸ್, 45ಎಸ್ ಹಾಕಿದರೆ ಯಾವ ಪ್ರಭೇದದ ಎಷ್ಟನೇ ವರ್ಣತಂತು ಎಂಬುದು ಒಂದೇ ಚಿತ್ರದಲ್ಲಿ ಬರುತ್ತದೆ. ಹಿಮಾಲಯದ ಕಾಡು ಸಂಬಂಧಿ ಅಲಿಯಂ ರಾಯ್ಲೈಯಿಂದ ಉಳ್ಳಾಗಡ್ಡಿಗೆ ತಂದ ಡೌನಿ ಮಿಲ್ಡ್ಯೂ ರೋಗದ ನಿರೋಧಕ ಜೀನ್ 3ನೇ ವರ್ಣತಂತುವಿನ ತುದಿಯ ಕಡೆ ಇದೆ ಎಂದು ತೋರಿಸುವ ಕೆಲಸದಲ್ಲೂ ಈ ಗಿಶ್‌ನ ಪಾತ್ರವಿತ್ತು.

ಒಳ್ಳೆಯ ಸ್ಲೈಡ್ ಸಿಕ್ಕರೆ ಒಂದೇ ಸಲಕ್ಕೆ ಮುಗಿಸಬೇಡಿ. ಕವರ್‌ಸ್ಲಿಪ್ ಜಾರಿಸಿ, ಟ್ವೀನ್ ದ್ರಾವಣದಲ್ಲಿ ಮೂರು ಸಲ ತೊಳೆದು, ಆಲ್ಕೋಹಾಲಿನ ಮೆಟ್ಟಿಲು ಹತ್ತಿಸಿ ಒಣಗಿಸಿದರೆ ಅದೇ ಮೆಟಾಫೇಸಿಗೆ ಇನ್ನೆರಡು ಪ್ರೋಬ್ ಹಾಕಬಹುದು. ಎರಡನೇ ಸಲ ಶಾಖ ಒಂದು ನಿಮಿಷ ಕಡಿಮೆ. ಅದಕ್ಕಾಗಿ ಮೊದಲ ದಿನವೇ ಪ್ರತಿ ಮೆಟಾಫೇಸಿನ ಜಾಗವನ್ನು ಸ್ಟೇಜಿನ ವರ್ನಿಯರ್ ಅಳತೆಯಲ್ಲಿ, ಸ್ಲೈಡಿನ ಯಾವ ಅಂಚು ಎಡಕ್ಕಿತ್ತು ಎಂಬುದರ ಸಮೇತ, ಪೆನ್ಸಿಲಿನಿಂದ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸ್ಲೈಡ್ ಮೇಲೆ ಪೆನ್ನಿನಿಂದ ಬರೆದದ್ದು ಆಲ್ಕೋಹಾಲಿಗೆ ಹೋಗುತ್ತದೆ.